ಒದ್ದೆಯಿಲ್ಲದ ಹೊತ್ತು

ಮೂತ್ರ ಸೋರುವ ಹೆಂಗಸು ಆಸ್ಪತ್ರೆಗೆ ಬಂದು ತನಗೆ ಮೂತ್ರ ಸೋರುತ್ತದೆ ಎಂದು ಹೇಳುವುದಿಲ್ಲ. ಸೊಂಟನೋವು ಎನ್ನುತ್ತಾಳೆ, ಬಿಳಿ ಹೋಗುತ್ತದೆ ಎನ್ನುತ್ತಾಳೆ, ಸುಸ್ತು ಎನ್ನುತ್ತಾಳೆ. ಗಾಢ ಬಣ್ಣದ ಸೀರೆ ಉಟ್ಟಿರುತ್ತಾಳೆ. ಕೂರಲು ಸ್ಟೂಲು ತೋರಿಸಿದರೆ ಇರಲಿ ಬಿಡಿ ಎಂದು ನಿಂತೇ ಇರುತ್ತಾಳೆ. ಸ್ತ್ರೀರೋಗ ವಿಭಾಗಕ್ಕೆ ಹೊಸದಾಗಿ ಬರುವ ವೈದ್ಯೆಯರಿಗೆ ನಾನು ಮೊದಲು ಹೇಳುತ್ತಿದ್ದದ್ದು ಇದನ್ನೇ: ಕೂರದೆ ನಿಂತವಳನ್ನು ಗಮನಿಸಿ.

ನಾನು ಆಂಧ್ರದ ಗಡಿ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳು. ನೌಕರಿಯ ಮೊದಲ ಭಾಗ ಮಡಕಶಿರದಲ್ಲಿ, ಉಳಿದದ್ದು ರಾಯದುರ್ಗದಲ್ಲಿ ಕಳೆಯಿತು. ಆಗ ಎರಡೂ ಊರು ಅನಂತಪುರ ಜಿಲ್ಲೆಯಲ್ಲೇ ಇದ್ದವು. ಬಡ್ತಿ ಮತ್ತು ವರ್ಗಾವಣೆಯ ಕಥೆ ಎಲ್ಲ ನೌಕರರದ್ದೂ ಒಂದೇ ಆದ್ದರಿಂದ ಅದನ್ನು ಬಿಟ್ಟಿದ್ದೇನೆ. ರೋಗಿಗಳ ಹೆಸರು ಬದಲಿಸಿದ್ದೇನೆ. ಮಾತುಗಳನ್ನು ನೆನಪಿರುವಷ್ಟು ಹಾಗೆಯೇ ಇಟ್ಟಿದ್ದೇನೆ.

ಈ ಬರಹದ ಬಹುಭಾಗ ಹೊನ್ನೂರಮ್ಮ ಎಂಬ ಒಬ್ಬಳ ಬಗ್ಗೆ. ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ. ಮುಂದಿನ ಸೋಮವಾರ ಅವಳ ಗರ್ಭಕೋಶ ತೆಗೆಯುವುದೆಂದು ಗಡಿಯಾಚೆ ಕರ್ನಾಟಕದ ಒಂದು ನರ್ಸಿಂಗ್ ಹೋಮಿನಲ್ಲಿ ನಿಶ್ಚಯವಾಗಿತ್ತು. ಅವಳು ನನ್ನ ಮುಂದೆ ಬಂದು ನಿಂತದ್ದು ಅದಕ್ಕೆ ಮುಂಚಿನ ಗುರುವಾರ. ಅವಳಿಗೆ ನಾನು ಕೇಳಿದ ಪ್ರಶ್ನೆಯನ್ನು ಕಲಿತದ್ದು ಮಡಕಶಿರದಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮಡಕಶಿರದ ಸುತ್ತಿನ ಹಳ್ಳಿಗಳಲ್ಲಿ ಕಡಲೆಕಾಯಿ, ರಾಗಿ, ಹಿಪ್ಪುನೇರಳೆ. ನರಸಮ್ಮ ಐವತ್ತು ದಾಟಿದ ಹೆಂಗಸು, ರೇಷ್ಮೆಹುಳ ಸಾಕುವ ಮನೆಯ ಯಜಮಾನಿ. ಹುಳದ ಮನೆಗೆ ವಾಸನೆ ಆಗದು, ಮೈಲಿಗೆ ಆಗದು ಎಂಬುದು ಅಲ್ಲಿಯ ನಂಬಿಕೆ. ಮುಟ್ಟಾದವರು ಆ ಹೊಸ್ತಿಲು ದಾಟುವುದಿಲ್ಲ. ನರಸಮ್ಮನ ಸೀರೆ ಒದ್ದೆಯಾಗತೊಡಗಿದ ಮೇಲೆ ಸೊಸೆ ಅದೇ ಕಟ್ಟನ್ನು ಅತ್ತೆಗೂ ಹಾಕಿದಳು.

“ನಾನ್ ಸಾಕಿದ್ ಹುಳ ಕಣ್ರಮ್ಮ ಅವು,” ಎಂದಳು ನರಸಮ್ಮ. “ಅವ್ಳು ನಮ್ಮನೆಗೆ ಬಂದಾಗ ಸೊಪ್ಪು ಕತ್ತರ್‍ಸಾಕೂ ಬತ್ತಿರ್ಲಿಲ್ಲ. ಈಗ ನನಗೇ ಹೊಸ್ಲು ತೋರ್‍ಸ್ತಾಳೆ.”

ಅಲ್ಲಿ ನನ್ನ ಮೇಲಿದ್ದ ಹಿರಿಯ ವೈದ್ಯರು ಕೈಗುಣಕ್ಕೆ ಹೆಸರಾದವರು, ಮಾತು ಕಡಿಮೆ. “ವಯಸ್ಸಾಗಿದೆ, ಐದು ಹೆತ್ತಿದ್ದಾಳೆ, ಸೋರುತ್ತೆ. ಇದಕ್ಕೂ ಕಾರಣ ಹುಡುಕ್ತಾ ಕೂರ್‍ತೀರಾ?” ಎಂದರು. ಅವರು ಹೇಳಿದ್ದು ನೂರಕ್ಕೆ ಎಂಬತ್ತು ಸಲ ಸರಿಯಾಗಿರುತ್ತಿತ್ತು. ಆದರೆ ನಾನು ಪರೀಕ್ಷೆ ಮಾಡಿದಾಗ ನರಸಮ್ಮನ ಗರ್ಭಕೋಶ ಜಾರಿರಲಿಲ್ಲ, ಸೋಂಕಿರಲಿಲ್ಲ, ಸಕ್ಕರೆ ಇರಲಿಲ್ಲ. ಯಾವಾಗ ಸೋರುತ್ತದೆ ಎಂದರೆ ಯಾವಾಗಲೂ ಎನ್ನುತ್ತಿದ್ದಳು. ಏನು ಕೇಳಬೇಕೋ ತೋಚದೆ ಪ್ರಶ್ನೆಯನ್ನು ತಿರುಗಿಸಿದೆ: “ಹಾಗಾದ್ರೆ ಒದ್ದೆ ಇಲ್ದಿರೋ ಹೊತ್ತು ಯಾವ್ದು?”

“ಪಾವಗಡಕ್ಕೆ ಮಗಳ ಮನೆಗೆ ಹೋದಾಗ ಒಂದ್ ತೊಟ್ಟೂ ಇರಲ್ಲ ಕಣಮ್ಮ. ಆ ಊರಿನ್ ನೀರು ಒಳ್ಳೇದು.”

ಫ್ಲೋರೈಡಿಗೆ ಹೆಸರಾದ ಪಾವಗಡದ ನೀರನ್ನು ಹೊಗಳಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಲ್ಲಿ ಏನು ತಿನ್ನುತ್ತಿ, ಎಲ್ಲಿ ಮಲಗುತ್ತಿ, ಏನು ಕೆಲಸ ಮಾಡುತ್ತಿ ಎಂದು ಒಂದೊಂದಾಗಿ ಕೇಳಿದೆ. ಎಲ್ಲವೂ ಮನೆಯಲ್ಲಿದ್ದಂತೆಯೇ. ಕೊನೆಗೆ ಮಾತ್ರೆಯ ಬಗ್ಗೆ ಕೇಳಿದೆ.

“ಬಿ.ಪಿ. ಮಾತ್ರೆ ಅಲ್ಲಿಗೆ ತಗೊಂಡ್ ಹೋಗಲ್ಲ. ಅಳಿಯನ್ ಮುಂದೆ ಮಾತ್ರೆ ನುಂಗಿದ್ರೆ ಕಾಯ್ಲೆ ಮುದ್ಕಿ ಅಂದ್ಕಂತಾನೆ.”

ರಕ್ತದೊತ್ತಡಕ್ಕೆ ಕೊಡುವ ಮಾತ್ರೆಗಳಲ್ಲಿ ಒಂದು ಬಗೆಯದು ಮೂತ್ರಕೋಶದ ಬಾಯಿಯ ಬಿಗಿಯನ್ನೂ ಸಡಿಲಿಸುತ್ತದೆ. ಅವಳು ನುಂಗುತ್ತಿದ್ದದ್ದು ಅದೇ. ಬೇರೆ ಮಾತ್ರೆ ಬರೆದುಕೊಟ್ಟೆ. ಮುಂದಿನ ಬೆಳೆಯ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ನರಸಮ್ಮ ಹುಳದ ಮನೆಯೊಳಗಿದ್ದಳು. ಹಿರಿಯ ವೈದ್ಯರಿಗೆ ಹೇಳಿದೆ. “ಮಾತ್ರೆನಾ?” ಎಂದರು, ಅಷ್ಟೇ. ಮಾರನೆಯ ವಾರ ಪರದೆಯ ಆಚೆಯಿಂದ ಅವರ ದನಿ ಕೇಳಿತು: “ಏನಮ್ಮ, ಒದ್ದೆ ಇಲ್ದಿರೋ ಹೊತ್ತು ಯಾವುದು?” ಒಳ್ಳೆಯ ಮೇಲಧಿಕಾರಿ ಎಂದರೆ ನನ್ನ ಮಟ್ಟಿಗೆ ಅಷ್ಟೇ. ಹೊಗಳದಿದ್ದರೂ ನಡೆಯುತ್ತದೆ, ಬಳಸಿದರೆ ಸಾಕು.

ಆಮೇಲೆ ಹಿಂದೂಪುರದ ಕಡೆ ಗಾರ್ಮೆಂಟ್ಸ್ ಬಂದವು. ನಸುಕಿಗೇ ಹಳ್ಳಿಹಳ್ಳಿಗೆ ಬಸ್ಸು ಬರುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ತಂದು ಬಿಡುತ್ತಿತ್ತು. ಆ ಬಸ್ಸಿನ ಹುಡುಗಿಯರು ಆಸ್ಪತ್ರೆಗೆ ಬರತೊಡಗಿದಾಗ ಪ್ರಶ್ನೆ ಬೇಗ ಕೆಲಸ ಮಾಡಿತು. ಬೆಳಿಗ್ಗೆ ಒದ್ದೆಯಿಲ್ಲ, ಭಾನುವಾರ ಒದ್ದೆಯಿಲ್ಲ. ಸಂಜೆ ಬಸ್ಸಿನ ಚಕ್ರ ಗುಂಡಿಗೆ ಇಳಿದರೆ ಮುಗಿಯಿತು. ಮಿಷನ್ನಿನಿಂದ ಎದ್ದರೆ ಸೂಪರ್‌ವೈಸರ್ ಗದರುತ್ತಾನೆಂದು ದಿನವಿಡೀ ಕಟ್ಟಿಕೊಂಡಿರುತ್ತಿದ್ದರು. ಕಟ್ಟಿಕೊಳ್ಳಬೇಕಾಗುತ್ತದೆಂದು ನೀರನ್ನೇ ಕುಡಿಯುತ್ತಿರಲಿಲ್ಲ. ಸೋಂಕಿಗೆ ಔಷಧಿ ಕೊಟ್ಟು, ಒಬ್ಬೊಬ್ಬರೇ ಎದ್ದು ಹೋಗಬೇಡಿ, ಐದಾರು ಜನ ಒಟ್ಟಿಗೆ ಏಳಿ ಎಂದು ಹೇಳಿಕೊಟ್ಟೆ. ಒಬ್ಬಳು ಮತ್ತೆ ಬಂದಾಗ ನಗುತ್ತಿದ್ದಳು. “ಈಗ ನಾವ್ ಎದ್ರೆ ಅವ್ನೇ ದಾರಿ ಬಿಡ್ತಾನೆ ಮೇಡಂ. ಇಡೀ ಲೈನೇ ಎದ್ರೆ ಯಾರನ್ನಂತ ಬೈತಾನೆ?”

ಎಲ್ಲ ಕಡೆ ಕಾರಣ ಸಿಕ್ಕಿತೆಂದು ಯಾರೂ ತಿಳಿಯಬಾರದು. ಡಿ. ಹಿರೇಹಾಳ್ ಕಡೆಯ ಒಬ್ಬ ಕೂಲಿ ಹೆಂಗಸಿಗೆ ನನಗೆ ಗೊತ್ತಿದ್ದ ಪರೀಕ್ಷೆಗಳನ್ನೆಲ್ಲ ಮಾಡಿಸಿದೆ, ದೊಡ್ಡ ಆಸ್ಪತ್ರೆಗೂ ಕಳಿಸಿದೆ. ಏನೂ ತಿಳಿಯಲಿಲ್ಲ. ಕಾರಣ ತಿಳಿಯಲಿಲ್ಲ ಎಂದು ಅವಳಿಗೆ ಹೇಳಿದೆ. ವಯಸ್ಸು, ಹಣೆಬರಹ, ಮನಸ್ಸಿನ ಕಾಯಿಲೆ ಎಂದು ಹೇಳಲಿಲ್ಲ. ಗೊತ್ತಿಲ್ಲದ್ದಕ್ಕೆ ಹೆಸರಿಟ್ಟು ಕಳಿಸುವುದು ಈ ಕೆಲಸದಲ್ಲಿ ಸುಲಭ. ಆ ಹೆಸರು ಒಮ್ಮೆ ಅಂಟಿದರೆ ಮುಂದಿನ ವೈದ್ಯರೂ ಹುಡುಕುವುದನ್ನು ಬಿಡುತ್ತಾರೆ. ಹೊನ್ನೂರಮ್ಮನಿಗೆ ಅಂಥದೊಂದು ಹೆಸರು ಆಗಲೇ ಅಂಟಿತ್ತು.

ನಾನು ರಾಯದುರ್ಗಕ್ಕೆ ಬಂದಾಗ ಊರಿಗೆ ಊರೇ ಜೀನ್ಸ್ ಹೊಲಿಯುತ್ತಿತ್ತು. ಮನೆಯ ಪಡಸಾಲೆಗಳಲ್ಲಿ, ತಗಡಿನ ಶೆಡ್ಡುಗಳಲ್ಲಿ ಮಿಷನ್ನು. ಗುಮ್ಮಘಟ್ಟದ ಕಡೆಯ ಹಳ್ಳಿಗಳಿಂದ ಹೆಂಗಸರು ಶೇರ್ ಆಟೋದಲ್ಲಿ ಒತ್ತಿಕೊಂಡು ಬರುತ್ತಿದ್ದರು. ಹೊಲಿದ ಪ್ಯಾಂಟುಗಳು ಒಗೆತಕ್ಕೆ ಬಳ್ಳಾರಿಗೆ ಹೋಗುತ್ತಿದ್ದವು. ಅವುಗಳ ಹಿಂದೆ ಗಂಡಸರೂ ಹೋಗುತ್ತಿದ್ದರು. ಒಗೆತ ಕಾಣದ ಜೀನ್ಸ್ ಬಟ್ಟೆ ಮುಟ್ಟಿದ್ದಕ್ಕೆಲ್ಲ ಬಣ್ಣ ಬಿಡುತ್ತದೆ. ಹೊರರೋಗಿಗಳ ಬೆರಳು ನೀಲಿ, ಅವರು ಸರಿಸಿದ ಪರದೆಯ ಅಂಚು ನೀಲಿ, ಕೈಯಲ್ಲಿದ್ದ ಚೀಟಿ ನೀಲಿ. ಕೆಲವು ತಿಂಗಳಾದ ಮೇಲೆ ಆ ನೀಲಿ ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಯಿತು.

ಹೊನ್ನೂರಮ್ಮ ಒಂದು ಶೆಡ್ಡಿನಲ್ಲಿ ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ಗಂಡ ಬಳ್ಳಾರಿಯ ವಾಷಿಂಗ್ ಯೂನಿಟ್ಟಿನಲ್ಲಿದ್ದ. ಅಲ್ಲಿ ನಾಲ್ಕು ಸಂಸಾರ ಸೇರಿ ಹಿಡಿದ ಮನೆಗೆ ಹೋಗಲು ಒಪ್ಪದೆ ಅವಳು ಹಳ್ಳಿಯಲ್ಲಿ ಅತ್ತೆಯ ಜೊತೆಗೇ ಉಳಿದಿದ್ದಳು. ಅತ್ತೆ ಸುಂಕಮ್ಮನೇ ಅವಳನ್ನು ಕರೆತಂದವಳು. ನಾನು ಸ್ಟೂಲು ತೋರಿಸಿದೆ. ಸುಂಕಮ್ಮ ಕೂತಳು, ಹೊನ್ನೂರಮ್ಮ ಗೋಡೆಗೆ ಬೆನ್ನು ತಾಗಿಸಿ ನಿಂತಳು.

“ಆಕಿ ಕುಂದ್ರಂಗಿಲ್ರಿ,” ಎಂದಳು ಸುಂಕಮ್ಮ. “ಮನ್ಯಾಗೂ ಕುಂದ್ರಂಗಿಲ್ಲ. ಮಿಷನ್ ಮುಂದ ಒಂದೇ ಕುಂದ್ರೋದು.”

ನರ್ಸಿಂಗ್ ಹೋಮಿನವರು ಹೇಳಿದ್ದನ್ನು ಸುಂಕಮ್ಮ ಒಂದೂ ಬಿಡದೆ ಒಪ್ಪಿಸಿದಳು. ಮೂತ್ರದ ಚೀಲಕ್ಕೆ ನೀಲಿ ನೀರು ತುಂಬಿ, ಕೆಳಗೆ ಬಿಳಿ ಹತ್ತಿ ಇಟ್ಟು ನಡೆಯಲು ಹೇಳಿದರಂತೆ. ಹತ್ತಿಗೆ ನೀಲಿ ಬಂತಂತೆ. ಹಾಗಾದರೆ ಚೀಲಕ್ಕೂ ಗರ್ಭಕೋಶಕ್ಕೂ ನಡುವೆ ತೂತಿದೆ, ಅದು ಕಣ್ಣಿಗೆ ಕಾಣದಷ್ಟು ಒಳಗಿದೆ, ಗರ್ಭಕೋಶ ತೆಗೆದು ತೂತು ಮುಚ್ಚಬೇಕು ಎಂದರಂತೆ.

“ತೆಗೆದುಬಿಡ್ರಿ ಮೇಡಂ,” ಎಂದಳು ಹೊನ್ನೂರಮ್ಮ. “ನೀವಾರ ತೆಗೀರಿ, ಅವ್ರಾರ ತೆಗೀಲಿ. ನಂಗ ಮಕ್ಕಳು ಬ್ಯಾಡ. ಒಂದ್ ದಿನ ಒಣಾ ಸೀರಿ ಉಟ್ರ ಸಾಕು.”

“ಇಪ್ಪತ್ತಮೂರು ವಯಸ್ಸಿನಾಕಿ ಮಾತು ಕೇಳ್ರಿ ಇದು,” ಎಂದು ಸುಂಕಮ್ಮ ನನ್ನ ಕಡೆ ತಿರುಗಿದಳು. “ನಂಗ ಮೊಮ್ಮಗ ಬೇಕ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಅದಕ್ಕ ಬಂದಿಲ್ಲ ನಾನು. ಅದನ್ನ ತೆಗದ್ರ ನೀರು ನಿಂದ್ರತೈತಿ ಅಂತ ಯಾರಾರ ಎದಿ ಮುಟ್ಕಂಡು ಹೇಳ್ರಿ, ನಾನಾ ಕೈ ಹಿಡ್ಕಂಡು ಕರ್‍ಕಂಡು ಹೋಗ್ತೀನಿ. ಅಲ್ಲಿ ಯಾರೂ ಹೇಳವಲ್ರು.”

ಅವಳ ಅನುಮಾನ ಸರಿಯಾಗಿತ್ತು. ಮೂತ್ರಕೋಶದಲ್ಲಿ ತೂತು ತಾನಾಗಿ ಬೀಳುವುದಿಲ್ಲ. ಹೆರಿಗೆ ತೀರಾ ಕಷ್ಟವಾಗಿ ದಿನಗಟ್ಟಲೆ ಎಳೆದಿರಬೇಕು, ಇಲ್ಲವೇ ಹಿಂದೆ ಆಪರೇಷನ್ ಆಗಿರಬೇಕು, ಪೆಟ್ಟು ಬಿದ್ದಿರಬೇಕು. ಈ ಹುಡುಗಿಗೆ ಅವು ಯಾವುವೂ ಆಗಿರಲಿಲ್ಲ.

ಎಂದಿನಿಂದ ಎಂದು ಕೇಳಿದೆ. ಹೊನ್ನೂರಮ್ಮ ಅತ್ತೆಯನ್ನೊಮ್ಮೆ ನೋಡಿ ಹೇಳಿದಳು: “ಲಗ್ನ ಆದಾಗಿಂದ್ರಿ.”

“ಹೋಗಬೇಕು ಅನ್ನಿಸಿ ಹೋಗ್ತೀಯಾ?”

“ಹೌದ್ರಿ. ಎಲ್ಲಾರಂಗ ಹೋಗ್ತೀನಿ. ಹೋಗಿ ಬಂದ್ ಕೂಡ್ಲೆ ಮತ್ತ ಒದ್ದಿ.”

“ಒದ್ದೆ ಇಲ್ಲದ ಹೊತ್ತು ಯಾವುದು?”

“ಇಲ್ರಿ.”

“ಮಲಗಿದಾಗ?”

“ಇಲ್ರಿ. ಯಾವಾಗ್ಲೂ ಇಲ್ರಿ.”

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಅಂಥ ಉತ್ತರ ನನಗೆ ಅಪರೂಪ. ಎಲ್ಲರಂತೆ ಚೀಲ ತುಂಬುತ್ತದೆ, ಎಲ್ಲರಂತೆ ಖಾಲಿಯಾಗುತ್ತದೆ, ಆದರೂ ಒಂದು ಗಳಿಗೆ ಒಣಗುವುದಿಲ್ಲ. ಒಂದು ಸಾಧ್ಯತೆ ಮನಸ್ಸಿಗೆ ಬಂತು. ಆದರೆ ಅದು ಹುಟ್ಟಿನಿಂದ ಬರುವಂಥದ್ದು. ಇವಳು ಮದುವೆಯ ನಂತರ ಎನ್ನುತ್ತಿದ್ದಾಳೆ. ಸಾಧ್ಯತೆಯನ್ನು ಬದಿಗಿಟ್ಟು ಬಣ್ಣದ ಪರೀಕ್ಷೆಯನ್ನು ನಾನೇ ಇನ್ನೊಮ್ಮೆ ಮಾಡಲು ನಿರ್ಧರಿಸಿದೆ.

ಆ ಪರೀಕ್ಷೆ ಹಳೆಯದು, ಸರಳ. ಸಣ್ಣ ಕೊಳವೆಯಿಂದ ಮೂತ್ರಕೋಶಕ್ಕೆ ನೀಲಿ ಔಷಧಿ ಬೆರೆಸಿದ ನೀರು ಬಿಡುತ್ತೇವೆ. ಯೋನಿಯಲ್ಲಿ ಮೂರು ಬಿಳಿ ಹತ್ತಿಯ ಉಂಡೆಗಳನ್ನು ಒಂದರ ಕೆಳಗೊಂದು ಇಟ್ಟು ಸ್ವಲ್ಪ ಹೊತ್ತು ನಡೆಸುತ್ತೇವೆ. ಮೇಲಿನ ಅಥವಾ ನಡುವಿನ ಉಂಡೆ ನೀಲಿಯಾದರೆ ಚೀಲದಲ್ಲಿ ತೂತು. ಕೆಳಗಿನದು ಮಾತ್ರ ನೀಲಿಯಾದರೆ ಮೂತ್ರನಾಳದ ಬಾಯಿ ಸಡಿಲ. ಉಂಡೆ ಒದ್ದೆಯಾಗಿ ಬಣ್ಣವಿಲ್ಲದಿದ್ದರೆ ಆ ನೀರು ಚೀಲದ್ದೇ ಅಲ್ಲ.

ಹೊನ್ನೂರಮ್ಮ ವರಾಂಡದಲ್ಲಿ ನಡೆದು ಬಂದಳು. ಉಂಡೆಗಳನ್ನು ತೆಗೆದು ಟ್ರೇಯಲ್ಲಿಟ್ಟೆವು. ಮೇಲಿನ ಎರಡು ಒದ್ದೆಯಾಗಿದ್ದವು, ಬಣ್ಣವಿರಲಿಲ್ಲ. ಕೆಳಗಿನದಕ್ಕೆ ನೀಲಿ ಹತ್ತಿತ್ತು.

ಆಗಿನ ಸೂಪರಿಂಟೆಂಡೆಂಟರು ಶಸ್ತ್ರಚಿಕಿತ್ಸಕರು, ಗುಂಟೂರಿನ ಕಡೆಯವರು, ಕನ್ನಡ ಅರ್ಥವಾಗುತ್ತಿತ್ತು, ತೆಲುಗಿನಲ್ಲಿ ಮಾತಾಡುತ್ತಿದ್ದರು. “ಬ್ಲೂ ವಚ್ಚಿಂದಿ ಕದಮ್ಮಾ, ಇಂಕೇಂ ಕಾವಾಲಿ?” ಎಂದರು. ನೀಲಿ ಬಂತಲ್ಲ, ಇನ್ನೇನು ಬೇಕು ಎಂಬ ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅವರ ಮೇಜಿನ ಮುಂದೆ ರೋಗಿಗಳ ಸಾಲು ನಿಂತಿತ್ತು.

“ಮೇಲಿನದು ಒದ್ದೆ ಇದೆ ಸರ್, ಬಣ್ಣ ಇಲ್ಲ. ಎರಡು ಕಡೆಯಿಂದ ನೀರು ಬರ್‍ತಿರಬೇಕು, ಇಲ್ಲಾಂದ್ರೆ ಈ ನೀಲಿ ನಮ್ಮದಲ್ಲ,” ಎಂದೆ.

ನಮ್ಮ ಔಷಧಿಯ ಒಂದು ಹನಿಯನ್ನು ಬೇರೆ ಹತ್ತಿಗೆ ಹಾಕಿ ಪಕ್ಕದಲ್ಲಿಟ್ಟೆ. ಅದು ಉಜ್ಜ್ವಲವಾದ ನೀಲಿ, ಹಾಕಿದ ಕೂಡಲೇ ಹರಡಿತು. ಟ್ರೇಯಲ್ಲಿದ್ದ ಉಂಡೆಯ ಕಲೆ ಮಂಕಾಗಿತ್ತು, ಹೊರಮೈಗೆ ಮಾತ್ರ ಉಜ್ಜಿದಂತಿತ್ತು. ಬಿಡಿಸಿ ನೋಡಿದರೆ ಒಳಗೆಲ್ಲ ಬಿಳಿ. ಪಕ್ಕದಲ್ಲಿದ್ದ ನರ್ಸಿಗೆ ತೋರಿಸಿದೆ. ಆಕೆ ನಕ್ಕಳು. “ರಾಯದುರ್ಗದಾಗ ನೀಲಿ ಹತ್ತಲಾರದ್ದು ಯಾವುದೈತ್ರಿ ಮೇಡಂ? ನಿಮ್ಮ ಮೇಜಿನ ಅಂಚು ನೋಡ್ರಿ.”

ನಾನು ಮೇಜಿನ ಅಂಚು ನೋಡಿದೆ. ಆಮೇಲೆ, ಎಷ್ಟೋ ತಿಂಗಳ ನಂತರ ಮೊದಲ ಸಲ, ಎದುರಿಗಿದ್ದವಳ ಬೆರಳುಗಳನ್ನು ನೋಡಿದೆ.

“ನಡೆಯುವಾಗ ಏನಾದ್ರೂ ಕಟ್ಟಿಕೊಂಡಿದ್ಯೇನಮ್ಮ?”

ಹೊನ್ನೂರಮ್ಮ ಕೈಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ತೋರಿಸಿದಳು. ಒಗೆಯದ ಜೀನ್ಸಿನ ತುಂಡು.

“ಯೂನಿಟ್ಟಿನಾಗ ಕಟ್‌ಪೀಸ್ ಬಿದ್ದಿರ್ತಾವ್ರಿ. ದಪ್ಪ ಇರ್ತಾವ, ನೀರು ಕುಡೀತಾವ, ಒದ್ದಿ ಆದ್ರೂ ಕಾಣಂಗಿಲ್ಲ. ನಾನೊಬ್ಬಾಕಿನೇ ಅಲ್ರಿ, ತಿಂಗಳದಾಗ ಎಲ್ಲಾರೂ ಅದನ್ನ ಇಟ್ಕಂತಾರ.”

“ಆ ನರ್ಸಿಂಗ್ ಹೋಮಿನಲ್ಲೂ?”

“ಅಲ್ಲೂ ನಡಿ ಅಂದ್ರು. ಹೊರಗ ಗಂಡಸ್ರು ಕುಂತಿದ್ರು. ನಡೀವಾಗ ನೀರು ಕಾಲಿಗೆ ಇಳದ್ರ ನಾ ಏನ್ ಮಾಡ್ಲಿ? ಇಲ್ಲೂ ಕುಂತಾರಲ್ರಿ.”

ನಮ್ಮ ವರಾಂಡದ ಬೆಂಚಿನ ಮೇಲೂ ಗಂಡಸರು ಕೂತಿದ್ದರು. ಈ ಪರೀಕ್ಷೆಯಲ್ಲಿ ಸಮಯ, ಪ್ರಮಾಣ, ಉಂಡೆಗಳ ಕ್ರಮ ಎಲ್ಲವನ್ನೂ ನಮಗೆ ಕಲಿಸಿದ್ದರು. ಸೋರುವ ಹೆಂಗಸನ್ನು ಎಲ್ಲಿ ನಡೆಸಬೇಕು ಎಂಬುದನ್ನು ಕಲಿಸಿರಲಿಲ್ಲ. ಆ ಒಂದು ತುಂಡು ಬಟ್ಟೆಯ ಬಣ್ಣದ ಮೇಲೆ ಸೋಮವಾರದ ಆಪರೇಷನ್ ನಿಂತಿತ್ತು.

ಮಾರನೆಯ ದಿನ ಹೆರಿಗೆ ವಾರ್ಡಿನ ಪಕ್ಕದ ಕೋಣೆ ಖಾಲಿ ಮಾಡಿಸಿದೆ. ಅವಳ ಕೈಯನ್ನು ಸಾಬೂನಿನಲ್ಲಿ ತೊಳೆಸಿ, ಹೊಸ ಬಿಳಿ ಲಂಗ ಕೊಟ್ಟು, ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿದೆವು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡೆವು. “ನೀರು ಇಳಿದ್ರೆ ಇಳೀಲಿ, ನೆಲ ಒರೆಸೋಕೆ ಜನ ಇದ್ದಾರೆ,” ಎಂದೆ. ಅವಳು ಗೋಡೆಯಿಂದ ಗೋಡೆಗೆ ನಡೆದಳು. ಮೊದಲು ಕಾಲು ಕೂಡಿಸಿ ಸಣ್ಣ ಹೆಜ್ಜೆ ಇಡುತ್ತಿದ್ದವಳು ಸ್ವಲ್ಪ ಹೊತ್ತಿಗೆ ಎಲ್ಲರಂತೆ ನಡೆದಳು.

ಮೂರು ಉಂಡೆಗಳೂ ತೊಯ್ದಿದ್ದವು. ಮೂರರಲ್ಲೂ ಬಣ್ಣವಿರಲಿಲ್ಲ. ಮೂತ್ರಕೋಶ ಖಾಲಿ ಮಾಡಿಸಿದಾಗ ಬಂದದ್ದು ಅಚ್ಚ ನೀಲಿ.

ಸೂಪರಿಂಟೆಂಡೆಂಟರು ಟ್ರೇಯನ್ನು ಕಿಟಕಿಯ ಬೆಳಕಿಗೆ ಒಯ್ದು ನೋಡಿದರು. ಸಾಲು ಹಾಗೆಯೇ ನಿಂತಿತ್ತು, ಅವರು ಅವಸರ ಮಾಡಲಿಲ್ಲ. “ಇದಿ ಬ್ಲ್ಯಾಡರ್ ನೀಳ್ಳು ಕಾದು,” ಎಂದರು. ಇದು ಚೀಲದ ನೀರಲ್ಲ. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಒಂದೇ. ಕಿಡ್ನಿಯಿಂದ ಇಳಿಯುವ ನಾಳ ಚೀಲಕ್ಕೆ ಸೇರದೆ ಬೇರೆಲ್ಲೋ ತೆರೆದುಕೊಂಡಿದೆ. ಕೆಲವರಿಗೆ ಒಂದೇ ಕಿಡ್ನಿಗೆ ಎರಡು ನಾಳ ಇರುತ್ತವೆ. ಒಂದು ಸರಿಯಾಗಿ ಚೀಲ ಸೇರುತ್ತದೆ, ಅದರಿಂದ ಎಲ್ಲರಂತೆ ಹೋಗಿ ಬರುವುದು ನಡೆಯುತ್ತದೆ. ಇನ್ನೊಂದು ದಾರಿ ತಪ್ಪಿ ಕೆಳಗೆ ಇಳಿದು ಹಗಲು ರಾತ್ರಿ ತೊಟ್ಟಿಕ್ಕುತ್ತದೆ. ಇದಿರುವ ಹೆಣ್ಣುಮಕ್ಕಳನ್ನು ಹಾಸಿಗೆ ಒದ್ದೆ ಮಾಡುವ ಚಟ ಎಂದು ಬೈದು ಬೆಳೆಸುತ್ತಾರೆ. ಇದು ಹುಟ್ಟಿನಿಂದಲೇ ಇರುತ್ತದೆ. ಲಗ್ನವಾದ ಮೇಲೆ ಶುರುವಾಗುವುದಿಲ್ಲ.

ಯಾವಾಗಿನಿಂದ ಎಂಬ ಆ ಮಾತು ತಾಳೆಯಾಗದೆ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಅವರು ಮತ್ತೆ ತೂತನ್ನೇ ಹುಡುಕುತ್ತಾರೆ. ಸುಂಕಮ್ಮನನ್ನು ಚಹಾ ತರಲು ಕಳಿಸಿ ಹೊನ್ನೂರಮ್ಮನನ್ನು ಮತ್ತೆ ಕೇಳಿದೆ.

“ಲಗ್ನ ಆದಾಗಿಂದ್ರಿ,” ಎಂದಳು.

“ಶಾಲೆಗೆ ಹೋಗ್ತಿದ್ದಾಗ ಬೆಂಚಿನ ಮೇಲೆ ಕೂರ್‍ತಿದ್ಯಾ?”

ಇದು ತಪ್ಪಲ್ಲ, ಚಟವಲ್ಲ, ಹೊಟ್ಟೆಯಲ್ಲಿದ್ದಾಗಲೇ ಆದದ್ದು, ನಾಳದ ದಾರಿ ತಿದ್ದಿದರೆ ನಿಲ್ಲಬಹುದು, ಗರ್ಭಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿದೆ. ಆದರೆ ಯಾವಾಗಿನಿಂದ ಎಂಬುದು ನನಗೆ ನಿಜವಾಗಿ ಗೊತ್ತಾಗಬೇಕು ಎಂದೆ.

“ಹೇಳಿದ್ರ ನಮ್ಮವ್ವಂಗ ಅಂತಾರ್ರಿ,” ಎಂದಳು. “ಗೊತ್ತಿದ್ದೂ ಮುಚ್ಚಿ ಕೊಟ್ಲು ಅಂತಾರ. ನಮ್ಮವ್ವ ಕಾಲು ಮುಟ್ಟಿಸಿಕೊಂಡು ಆಣಿ ಹಾಕಿಸ್ಯಾಳ. ಯಾರು ಕೇಳಿದ್ರೂ ಲಗ್ನ ಆದ ಮ್ಯಾಲೆ ಅನ್ನು ಅಂತ.” ತಡೆದು ಹೇಳಿದಳು: “ಹುಟ್ಟಿದಾಗಿಂದ್ರಿ.”

ಬಾಗಿಲಲ್ಲಿ ಸುಂಕಮ್ಮ ಚಹಾದ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ನಾನು ನೋಡಿರಲಿಲ್ಲ. ಒಳಗೆ ಬಂದು ಲೋಟಗಳನ್ನು ಮೇಜಿನ ಮೇಲಿಟ್ಟಳು.

“ನಂಗ ಗೊತ್ತಿಲ್ಲಂತ ತಿಳ್ಕಂಡೀಯೇನ?” ಎಂದಳು ಸೊಸೆಗೆ. “ನೀ ಬಂದ ಮೂರನೇ ದಿನಾನ ನಸಿಕಿನ್ಯಾಗ ಚಾಪಿ ತೊಳದಾಕಿ ಯಾರು? ನೀನು ಎದ್ದು ನೋಡಿದಾಗ ಚಾಪಿ ಹಿತ್ತಲದಾಗ ಒಣಗ್ತಿತ್ತೋ ಇಲ್ಲೋ?”

ಹೊನ್ನೂರಮ್ಮ ಅತ್ತೆಯ ಮುಖ ನೋಡಿದಳು. “ಮತ್ತ ಯಾಕ ಕೇಳಲಿಲ್ರಿ ಅತ್ತಿ?”

“ಕೇಳಿದ್ರ ನೀ ರಾತ್ರ್ಯೋರಾತ್ರಿ ತವರುಮನಿ ದಾರಿ ಹಿಡೀತಿದ್ದಿ. ಹುಟ್ಟಿದಾಗಿಂದ ಇದ್ದದ್ದು ಲಗ್ನದಾಗ ಬಂತು ಅಂತ ಎರಡು ಊರಿನ ಡಾಕ್ಟ್ರಿಗೆ ಹೇಳಿ ಹೊಟ್ಟಿ ಕೊಯ್ಸಿಕೊಳ್ಳಾಕ ಹೊಂಟಿದ್ದೀಯಲ್ಲ, ಹುಚ್ಚಿ. ಕುಡಿ, ಚಾ ಆರಿಹೋಗತೈತಿ.”

ಹೊನ್ನೂರಮ್ಮ ಅತ್ತಳು. ನಾನು ಚೀಟಿಯಲ್ಲಿ ಬರೆಯುವುದಿತ್ತು, ಬರೆದೆ.

ಸೂಪರಿಂಟೆಂಡೆಂಟರು ಅನಂತಪುರದ ದೊಡ್ಡ ಆಸ್ಪತ್ರೆಯಲ್ಲಿದ್ದ ತಮ್ಮ ಹಳೆಯ ಸಹಪಾಠಿಗೆ ಫೋನು ಮಾಡಿದರು. ಸೋಮವಾರ ಹೊನ್ನೂರಮ್ಮ ಗಡಿ ದಾಟುವ ಬಸ್ಸು ಹತ್ತಲಿಲ್ಲ, ಅನಂತಪುರದ ಬಸ್ಸು ಹತ್ತಿದಳು. ಮುಂದಿನದನ್ನು ನಾನು ನೋಡಿಲ್ಲ, ಅಲ್ಲಿಯ ವೈದ್ಯರಿಂದ ಕೇಳಿ ಬರೆಯುತ್ತಿದ್ದೇನೆ. ರಕ್ತನಾಳಕ್ಕೆ ಔಷಧಿ ಕೊಟ್ಟು ಎಕ್ಸ್-ರೇ ತೆಗೆದಾಗ ಎಡಗಡೆಯ ಕಿಡ್ನಿಗೆ ಎರಡು ನಾಳ ಕಂಡವು. ಒಂದು ಚೀಲದ ಪಕ್ಕದಲ್ಲೇ ಹಾದು ಕೆಳಗಿಳಿದಿತ್ತು. ಆ ನಾಳವನ್ನು ಕತ್ತರಿಸಿ ಚೀಲಕ್ಕೆ ಸೇರಿಸಿದರು. ಸಹಿ ಹಾಕಲು ಬಂದ ಗಂಡ ಡಾಕ್ಟರಿಗೆ ಕೇಳಿದ್ದು ಒಂದೇ ಮಾತಂತೆ: ಇನ್ನು ಮುಂದೆ ಆಕೆ ನನ್ನ ಜೊತೆ ಬಳ್ಳಾರಿಗೆ ಬರಬಹುದಾ?

ಈಗ ಸ್ಕ್ಯಾನಿನಲ್ಲಿ ಇಂಥ ನಾಳ ಬೇಗ ಕಾಣುತ್ತದೆ. ಹೊಸಬರು ಹತ್ತಿಯ ಉಂಡೆ ಹಿಡಿಯಬೇಕಾದ ಸಂದರ್ಭ ಕಡಿಮೆ, ಅದು ಒಳ್ಳೆಯದೇ. ಆದರೆ ಯಾರಿಗೆ ಯಾವ ಸ್ಕ್ಯಾನು ಎಂದು ಯಂತ್ರ ಹೇಳುವುದಿಲ್ಲ. ಒದ್ದೆಯಿಲ್ಲದ ಹೊತ್ತು ಯಾವುದು ಎಂದು ಕೇಳಿ. ಕೇಳುವಾಗ ಬಾಗಿಲು ಹಾಕಿರಲಿ. ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಒಮ್ಮೆ ಕೇಳಿ, ಅವರ ಎದುರಿಗೆ ಇನ್ನೊಮ್ಮೆ ಕೇಳಿ. ಎರಡು ಉತ್ತರ ಬೇರೆಯಾದರೆ ಕಾರಣ ಆ ನಡುವೆ ಎಲ್ಲೋ ಇರುತ್ತದೆ. ರಾಯದುರ್ಗದಿಂದ ಹೊರಡುವವರೆಗೂ ನಾನು ಬಣ್ಣದ ಪರೀಕ್ಷೆಯನ್ನು ಆ ಪಕ್ಕದ ಕೋಣೆಯಲ್ಲೇ, ಅಗುಳಿ ಹಾಕಿಯೇ ಮಾಡಿದೆ.

ಆಪರೇಷನ್ ಆಗಿ ಕೆಲವು ವಾರಗಳ ನಂತರ ಸಂತೆಯ ದಿನ ಅತ್ತೆ ಸೊಸೆ ಇಬ್ಬರೂ ಬಂದರು. ಹೊರರೋಗಿಗಳ ಸಾಲು ಕರಗಿತ್ತು. ಹೊನ್ನೂರಮ್ಮ ಒಳಗೆ ಬಂದವಳೇ ಸ್ಟೂಲು ಎಳೆದುಕೊಂಡು ಕೂತಳು. ತಿಳಿ ಹಳದಿ ಬಣ್ಣದ ಸೀರೆ ಉಟ್ಟಿದ್ದಳು. ಬೆರಳು ಇನ್ನೂ ನೀಲಿಯೇ. ಕೆಲಸಕ್ಕೆ ಹೋಗತೊಡಗಿದ್ದಾಳೆಂದು ಅದರಿಂದಲೇ ತಿಳಿಯಿತು. ಗಾಯ ನೋಡಿದೆ, ಮಾಗಿತ್ತು. ನನ್ನ ಪ್ರಶ್ನೆ ಕೇಳಲು ಬಾಯಿ ತೆರೆದೆ, ಕೇಳುವ ಅಗತ್ಯವಿರಲಿಲ್ಲ. ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಸುಂಕಮ್ಮ ಬಾಗಿಲ ಬಳಿ ಸಂತೆಯ ಚೀಲ ಹಿಡಿದು ನಿಂತಿದ್ದಳು. “ಏಳವ್ವ, ಆಟೋ ತುಂಬ್ಯಾವ. ಡಾಕ್ಟ್ರಮ್ಮಗ ಕೆಲಸಿಲ್ಲೇನು?”

“ಇರ್ರಿ ಅತ್ತಿ,” ಎಂದಳು ಹೊನ್ನೂರಮ್ಮ. “ಇನ್ನೊಂಚೂರು ಕುಂದರ್ತೀನಿ.”